ತಿದ್ದಿ ಓದುವುದನ್ನೂ ಕಲಿಸಿ

ಸಂಪಾದಕರೇ,

ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ ಟೈಪಿಂಗ್‌ನಲ್ಲಿ ತುಂಬಾ ಚುರುಕು. ಆದರೆ ಕಳೆದ ವಾರ ಅವಳು ಸಿದ್ಧಪಡಿಸಿದ ಪತ್ರದಲ್ಲಿ ಅಂಕಿಯಲ್ಲಿ 15,000 ಇತ್ತು, ಅಕ್ಷರದಲ್ಲಿ ‘ಐವತ್ತು ಸಾವಿರ’. ಬೈಯಲು ಮನಸ್ಸಾಗಲಿಲ್ಲ. ಬರೆದದ್ದನ್ನು ತಿದ್ದುವುದು ಹೇಗೆ ಅಂತ ಕಾಲೇಜಿನಲ್ಲಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪತ್ರದ ನಮೂನೆ ಬಾಯಿಪಾಠ ಮಾಡಿಸಿ ಅಂಕ ಕೊಡುತ್ತೇವೆ. ಕರಡು ಅಂತಿಮ ಪ್ರತಿ ಆಗುವವರೆಗಿನ ಕೆಲಸ ತೋರಿಸುವುದೇ ಇಲ್ಲ. ಕನ್ನಡದಲ್ಲಂತೂ ಇದು ಇನ್ನೂ ಜಾಸ್ತಿ ಬೇಕು. ಹಳೆಯ ನುಡಿ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಆಚೀಚೆ ಆಗಿಬಿಡುತ್ತವೆ. ‘ಮಂಜೂರಾಗಿದೆ’ ಎನ್ನುವಲ್ಲಿ ಒಂದು ಗುಡಿಸು ಬಿಟ್ಟರೆ ‘ಮಂಜೂರಾಗದೆ’. ಎರಡೂ ಸರಿಯಾದ ಪದಗಳೇ, ಕಂಪ್ಯೂಟರ್ ಸುಮ್ನೆ ಬಿಡುತ್ತದೆ. ಅರ್ಜಿದಾರನ ಗತಿ?

ತಪ್ಪು ತುಂಬಿದ ಒಂದು ಸುತ್ತೋಲೆ, ಒಂದು ಕೆಂಪು ಪೆನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಮೂಲದ ಜೊತೆ ತಾಳೆ ನೋಡಲಿ. ಹಳೆಯ ಮುದ್ರಣಾಲಯಗಳಲ್ಲಿ ಹೀಗೇ ಕರಡು ತಿದ್ದುತ್ತಿದ್ದರು. ಹೆಸರು, ದಿನಾಂಕ, ಮೊತ್ತ, ಲಗತ್ತುಗಳನ್ನು ಬೇರೆಯಾಗಿ ಇನ್ನೊಮ್ಮೆ ನೋಡಲಿ. ವಾರಕ್ಕೆ ಒಂದು ತರಗತಿ ಸಾಕು. ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರು ಈ ವರ್ಷವೇ ಶುರು ಮಾಡಬಹುದು, ಅಲ್ವಾ?

– ಓದುಗರೊಬ್ಬರು, ಹಾಸನ