ಮನೆಗೆ ಬರುವ ಸೈಟ್ ಪತ್ರದಲ್ಲಿ ರೇರಾ ನಂಬರ್ ಎಲ್ಲಿ?

ಮಾನ್ಯ ಸಂಪಾದಕರೇ,

ನಿವೃತ್ತಿಯಾಗಿ ತಿಂಗಳೂ ತುಂಬಿಲ್ಲ, ಆಗಲೇ ನನ್ನ ಹೆಸರು, ಮನೆ ವಿಳಾಸ ಹಾಕಿ ಸೈಟ್ ಮಾರುವ ಪತ್ರಗಳು ಅಂಚೆಯಲ್ಲಿ ಬರುತ್ತಿವೆ. ಒಂದರಲ್ಲೂ ರೇರಾ, ಅಂದರೆ ಸೈಟ್, ಮನೆ ಮಾರಾಟದ ಮೇಲೆ ಕಣ್ಣಿಡುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಇಲ್ಲ. 2016ರ ರೇರಾ ಕಾಯ್ದೆ ಪ್ರಕಾರ ನೋಂದಣಿ ಬೇಕಾದ ಯೋಜನೆಗೆ ಅದಿಲ್ಲದೆ ಜಾಹೀರಾತೇ ಕೊಡುವಂತಿಲ್ಲ, ಕೊಟ್ಟರೆ ಆ ಸಂಖ್ಯೆಯೂ ಪ್ರಾಧಿಕಾರದ ವೆಬ್‌ಸೈಟ್ ವಿಳಾಸವೂ ಅದರಲ್ಲಿರಬೇಕು, ಮತ್ತು ಜಾಹೀರಾತು ಅಂದರೆ ಪೇಪರು, ಟಿವಿ ಮಾತ್ರ ಅಲ್ಲ, ಇಂಥ ಸುತ್ತೋಲೆಗಳೂ ಸೇರುತ್ತವೆ. ಏಜೆಂಟರಿಗೂ ನೋಂದಣಿ ಕಡ್ಡಾಯ. ಅವರು ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ! ಜೀವಮಾನದ ಉಳಿತಾಯ ಕೈಗೆ ಬಂದ ಹೊತ್ತನ್ನೇ ನೋಡಿ ಬರೆಯುತ್ತಾರೆ, ಅದೇ ನನಗೆ ಜಾಸ್ತಿ ಭಯ. ಜನ ದೂರು ಕೊಡುವವರೆಗೆ ಸುಮ್ನೆ ಕೂರದೆ ಪ್ರಾಧಿಕಾರವೇ ಇಂಥ ಪತ್ರಗಳನ್ನು ತರಿಸಿಕೊಂಡು ಕ್ರಮ ಕೈಗೊಳ್ಳಬಹುದು, ಅಲ್ವಾ?

– ಒಬ್ಬ ನಿವೃತ್ತ ಶಿಕ್ಷಕ, ಮೈಸೂರು