ವಿದ್ಯಾರ್ಥಿಗಳ ಜಾಲತಾಣಕ್ಕೆ ‘ಚೆನ್ನಾಗಿದೆ’ ಎಂಬ ಮಾತೊಂದೇ ಸಾಲದು

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳ ರೊಬೊಟಿಕ್ಸ್ ತಂಡಗಳು ಕಟ್ಟುವ ರೋಬೊಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ, ಚಿತ್ರಗಳು ಬರುತ್ತವೆ. ಅದೇ ತಂಡದ ಒಂದಿಬ್ಬರು ಮಕ್ಕಳು ಮೂಲೆಯಲ್ಲಿ ಕುಳಿತು ಕಟ್ಟುವ ತಂಡದ ಜಾಲತಾಣದ ಕಡೆಗೆ ಮಾತ್ರ ಯಾರ ಗಮನವೂ ಹರಿಯುವುದಿಲ್ಲ. ಜಾಲತಾಣಗಳಿಗೆ ಕೋಡ್ ಬರೆಯುವುದನ್ನೂ ಇತರರು ಬರೆದದ್ದನ್ನು ಪರಿಶೀಲಿಸುವುದನ್ನೂ ವೃತ್ತಿಯಾಗಿಸಿಕೊಂಡಿರುವ ನಾನು ಬಿಡುವಿದ್ದಾಗಲೆಲ್ಲ ಇಂಥದೊಂದು ತಂಡಕ್ಕೆ ನೆರವಾಗುತ್ತಿದ್ದೇನೆ. ಈ ಮಕ್ಕಳು ತಮ್ಮ ಕೆಲಸವನ್ನು ಹಿರಿಯರ ಮುಂದಿಟ್ಟು ‘ಹೇಗಿದೆ, ನೋಡಿ ಹೇಳಿ’ ಎಂದು ಕೇಳಿದಾಗ ಅವರಿಗೆ ಎಂಥ ಉತ್ತರ ಸಿಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಉತ್ತರ ಬಹುತೇಕ ‘ತುಂಬಾ ಚೆನ್ನಾಗಿದೆ, ಮುಂದುವರಿಸಿ’ ಎಂಬಷ್ಟರಲ್ಲೇ ಮುಗಿಯುತ್ತದೆ. ಮಕ್ಕಳ ಮನಸ್ಸು ನೋಯಬಾರದೆಂಬ ಕಾಳಜಿಯಿಂದ ಬಂದ ಮಾತದು, ನಿಜ. ಆದರೆ ಎರಡು ತಿಂಗಳು ಕೂತು ಹನ್ನೊಂದು ಪುಟಗಳನ್ನು ಕಟ್ಟಿದ ವಿದ್ಯಾರ್ಥಿನಿಗೆ ಆ ಮಾತಿನಿಂದ ತಿಳಿಯುವುದು ಏನೂ ಇಲ್ಲ. ನೋಡಿದವರು ಮೊದಲ ಪುಟ ದಾಟಿ ಒಳಗೆ ಹೋಗಲೇ ಇಲ್ಲವೇನೋ ಎಂಬ ಅನುಮಾನವಷ್ಟೇ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಕೋಡ್ ಬಲ್ಲ ಕೆಲವರು ‘ಈ ಕಾಲದಲ್ಲಿ ಹೀಗೆ ಯಾರು ಬರೆಯುತ್ತಾರೆ’ ಎಂದು ಒಂದೇ ಏಟಿಗೆ ತಳ್ಳಿಹಾಕುವುದೂ ಉಂಟು. ನಾನು ಬಲ್ಲ ಹುಡುಗನೊಬ್ಬ ಅಂಥದೊಂದು ಸಾಲನ್ನು ಓದಿದ ಮೇಲೆ ಮೂರು ವಾರ ಜಾಲತಾಣದ ಕೆಲಸವನ್ನೇ ಮುಟ್ಟಲಿಲ್ಲ. ಅವನ ಪುಟದಲ್ಲಿ ದೋಷ ಇದ್ದದ್ದು ನಿಜವೇ, ಅದನ್ನು ಸರಿಪಡಿಸಲು ಬೇಕಾದದ್ದು ಇಪ್ಪತ್ತು ನಿಮಿಷ. ಯಾವ ಸಾಲಿನಲ್ಲಿ ಏನು ತಪ್ಪಿದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ರೋಬೊ ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತದೆ. ಬೋಲ್ಟ್ ಸಡಿಲವಾದರೆ ತೋಳು ಜೋತುಬೀಳುತ್ತದೆ, ಬ್ಯಾಟರಿಯ ತಂತಿ ಕಳಚಿದರೆ ಅಂಕಣದ ನಡುವೆಯೇ ನಿಂತುಬಿಡುತ್ತದೆ. ಮಕ್ಕಳು ಓಡಿಹೋಗಿ ಬಿಗಿ ಮಾಡುತ್ತಾರೆ. ಜಾಲತಾಣ ಹಾಗಲ್ಲ. ಕಟ್ಟಿದವರ ಲ್ಯಾಪ್‌ಟಾಪಿನಲ್ಲಿ ದೊಡ್ಡ ಪರದೆ ಇರುತ್ತದೆ, ಇಂಟರ್‌ನೆಟ್ ವೇಗವಾಗಿರುತ್ತದೆ, ಚಿತ್ರಗಳು ಹಿಂದೆಯೇ ಇಳಿದು ಬ್ರೌಸರಿನಲ್ಲಿ ಉಳಿದುಕೊಂಡಿರುತ್ತವೆ; ಹೀಗಾಗಿ ಪುಟ ಅವರ ಕಣ್ಣೆದುರು ಥಟ್ಟನೆ ತೆರೆದುಕೊಳ್ಳುತ್ತದೆ. ಅದೇ ಪುಟ ಬೇರೊಬ್ಬರ ಹಳೆಯ ಮೊಬೈಲಿನಲ್ಲಿ ತೆರೆಯದೇ ಹೋದರೆ ಅವರು ಅದನ್ನು ಮುಚ್ಚಿ ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ, ತಂಡಕ್ಕೆ ಅದು ಗೊತ್ತೂ ಆಗುವುದಿಲ್ಲ. ಮತ್ತೊಬ್ಬರು ನೋಡಿ ಬಾಯಿಬಿಟ್ಟು ಹೇಳಿದರೆ ಮಾತ್ರ ಇಲ್ಲಿನ ದೋಷ ಹೊರಬೀಳುತ್ತದೆ.

ಒಂದು ಸಂಜೆ ನಡೆದದ್ದನ್ನು ಇಲ್ಲಿ ಹೇಳಬೇಕು. ತಂಡದ ಜಾಲತಾಣವನ್ನು ಎಂದೂ ನೋಡಿರದ ಗ್ರಂಥಪಾಲಕಿಯೊಬ್ಬರನ್ನು ಕರೆದು, ಅವರದೇ ಮೊಬೈಲಿನಲ್ಲಿ ಅದನ್ನು ತೆರೆದುಕೊಟ್ಟು, ‘ನಿಮ್ಮ ಮಗ ಈ ತಂಡ ಸೇರಬೇಕು ಎನ್ನುತ್ತಿದ್ದಾನೆ ಎಂದುಕೊಳ್ಳಿ, ಹೇಗೆ ಸೇರುವುದೆಂದು ಇದರಲ್ಲೇ ಹುಡುಕಿ’ ಎಂದೆ. ಕೋಡ್ ಬರೆದ ವಿದ್ಯಾರ್ಥಿನಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಆಕೆ ಎಲ್ಲ ಕೊಂಡಿಗಳನ್ನೂ ಮೇಲ್ಗಡೆ ಬಲ ಮೂಲೆಯ ಮೂರು ಅಡ್ಡಗೆರೆಗಳ ಗುರುತಿನೊಳಗೆ ಅಡಗಿಸಿಟ್ಟಿದ್ದಳು. ಗ್ರಂಥಪಾಲಕಿಯವರು ಪುಟವನ್ನು ಕೆಳತುದಿಯವರೆಗೂ ಸರಿಸಿದರು, ರೋಬೊವಿನ ಚಿತ್ರವನ್ನು ಎರಡು ಬಾರಿ ಒತ್ತಿದರು, ಮತ್ತೆ ಮೇಲಕ್ಕೆ ಬಂದರು, ಮೂರು ಗೆರೆಗಳ ಮೇಲೆ ಅವರ ಕಣ್ಣು ಹಾದುಹೋಯಿತೇ ಹೊರತು ಬೆರಳು ಹೋಗಲಿಲ್ಲ. ‘ಅಲ್ಲೇ, ಮೇಲೆ ಬಲಗಡೆ...’ ಎಂದು ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಸುಮ್ಮನಿರುವಂತೆ ನಾನು ಸನ್ನೆ ಮಾಡಿದೆ. ಸುಮಾರು ಎರಡೂವರೆ ನಿಮಿಷಗಳ ಬಳಿಕ ಅವರು ಫೋನನ್ನು ಮೇಜಿನ ಮೇಲಿಟ್ಟು, ‘ನನಗೆ ಇದೆಲ್ಲ ಅಷ್ಟಾಗಿ ತಿಳಿಯುವುದಿಲ್ಲಮ್ಮ’ ಎಂದು ಸಂಕೋಚಪಟ್ಟರು. ‘ಇಲ್ಲ ಮೇಡಂ, ನಿಮ್ಮದೇನೂ ತಪ್ಪಿಲ್ಲ, ನಾನೇ ಅದನ್ನು ಮುಚ್ಚಿಟ್ಟಿದ್ದೇನೆ’ ಎಂದಳು ಆ ಹುಡುಗಿ. ಅಂದು ರಾತ್ರಿಯೇ ‘ತಂಡ ಸೇರಲು’ ಎಂಬ ಬಟನ್ ಮೊದಲ ಪುಟದಲ್ಲಿ, ತಂಡದ ಹೆಸರಿನ ಕೆಳಗೆ, ಎದ್ದು ಕಾಣುವಂತೆ ಬಂದು ಕುಳಿತಿತ್ತು. ನಾನು ಒಂದು ಗಂಟೆ ಉಪನ್ಯಾಸ ಕೊಟ್ಟಿದ್ದರೂ ಆ ಎರಡೂವರೆ ನಿಮಿಷ ಕಲಿಸಿದ್ದನ್ನು ಕಲಿಸಲಾಗುತ್ತಿರಲಿಲ್ಲ.

ಹೀಗೆ ನೋಡಲು ನೂರಾರು ಜನರನ್ನು ಕಲೆಹಾಕಬೇಕಾಗಿಲ್ಲ. ಬಳಕೆದಾರರ ಅನುಭವವನ್ನು ದಶಕಗಳಿಂದ ಅಭ್ಯಾಸ ಮಾಡಿರುವ ಜೇಕಬ್ ನೀಲ್ಸನ್ ಅವರು ಐದು ಮಂದಿಯನ್ನು ಕೂರಿಸಿ ನೋಡಿದರೆ ಬಳಕೆಯ ತೊಡಕುಗಳಲ್ಲಿ ಶೇ 85ರಷ್ಟು ಬೆಳಕಿಗೆ ಬರುತ್ತವೆ ಎಂದು 2000ದಲ್ಲಿ ಬರೆದಿದ್ದರು. ಆ ಲೆಕ್ಕದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಅದೇನೇ ಇರಲಿ, ಒಬ್ಬರೂ ನೋಡದಿರುವುದಕ್ಕೂ ಐವರು ನೋಡುವುದಕ್ಕೂ ಇರುವ ಅಂತರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಿನ್ಯಾಸದ ಬಗ್ಗೆ ಮಾತನಾಡುವಾಗ ‘ಬಣ್ಣ ಚೆನ್ನಾಗಿಲ್ಲ’ ಎನ್ನುವುದು ಅಭಿಪ್ರಾಯವೇ ಅಲ್ಲ, ಅದು ಹೇಳುವವರ ರುಚಿ. ಈ ತಂಡದ ಬಣ್ಣಗಳು ಹಳದಿ ಮತ್ತು ಕಪ್ಪು. ಬಿಳಿಯ ಹಿನ್ನೆಲೆಯ ಮೇಲೆ ಅಚ್ಚ ಹಳದಿಯಲ್ಲಿ ಶೀರ್ಷಿಕೆಗಳನ್ನು ಬರೆದಿದ್ದರು, ಬಿಸಿಲಿನಲ್ಲಿ ಮೊಬೈಲ್ ಹಿಡಿದರೆ ಪುಟ ಖಾಲಿ ಇದ್ದಂತೆಯೇ ತೋರುತ್ತಿತ್ತು. ಜಾಲತಾಣಗಳನ್ನು ಎಲ್ಲರೂ ಬಳಸುವಂತೆ ಮಾಡಲು, ವೆಬ್‌ನ ಮಾನದಂಡಗಳನ್ನು ನಿಗದಿಪಡಿಸುವ ಡಬ್ಲ್ಯೂ3ಸಿ ಸಂಸ್ಥೆ ರೂಪಿಸಿರುವ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಇದ್ದರೂ ಸಾಕು. ಬಿಳಿಯ ಮೇಲಿನ ಅಚ್ಚ ಹಳದಿಗೆ ಅದು 1.07:1 ಮಾತ್ರ. ಅದೇ ಹಳದಿಯನ್ನು ಕಪ್ಪಿನ ಮೇಲಿಟ್ಟರೆ 19ನ್ನು ದಾಟುತ್ತದೆ. ಇಷ್ಟು ಲೆಕ್ಕವನ್ನು ಮುಂದಿಟ್ಟ ಕೂಡಲೇ ಮಕ್ಕಳು ತಾವೇ ಹಿನ್ನೆಲೆಯನ್ನು ಕಪ್ಪಾಗಿಸಿದರು, ತಂಡದ ಬಣ್ಣವನ್ನು ಬಿಟ್ಟುಕೊಡಬೇಕಾಗಲೇ ಇಲ್ಲ. ಮಕ್ಕಳು ಪ್ರೀತಿಯಿಂದ ಆರಿಸಿಕೊಂಡದ್ದನ್ನು ಉಳಿಸಿಕೊಂಡೇ ತಪ್ಪನ್ನು ತಿದ್ದುವ ದಾರಿ ಹೆಚ್ಚಿನ ಸಂದರ್ಭಗಳಲ್ಲಿ ಇದ್ದೇ ಇರುತ್ತದೆ, ಅದನ್ನು ಹುಡುಕುವಷ್ಟು ತಾಳ್ಮೆ ನೋಡುವವರಿಗೆ ಇರಬೇಕು.

ಚಿತ್ರಗಳ ವಿಷಯವೂ ಹೀಗೆಯೇ. ಮೊಬೈಲಿನಲ್ಲಿ ತೆಗೆದ, 4,000 ಪಿಕ್ಸೆಲ್ ಅಗಲದ, ತಲಾ ಐದು ಮೆಗಾಬೈಟ್ ತೂಗುವ ಎಂಟು ಚಿತ್ರಗಳು 400 ಪಿಕ್ಸೆಲ್ ಅಗಲದ ಚೌಕಟ್ಟಿನಲ್ಲಿ ಸಾಲಾಗಿ ಕುಳಿತಿದ್ದವು. ನೋಡುವವರು ಒಂದೇ ಪುಟಕ್ಕೆ 40 ಮೆಗಾಬೈಟ್ ಇಳಿಸಿಕೊಳ್ಳಬೇಕಿತ್ತು. ಅಳತೆ ಕುಗ್ಗಿಸಿ ಉಳಿಸಿದ ಮೇಲೆ ಎಂಟೂ ಸೇರಿ ಒಂದು ಮೆಗಾಬೈಟಿನೊಳಗೆ ಬಂದವು.

ಕೋಡ್ ಬಗೆಗಿನ ಅಭಿಪ್ರಾಯ ಇನ್ನೂ ಸೂಕ್ಷ್ಮವಾದ ಕೆಲಸ. ಕೋಡನ್ನು ಬರೆದವರಲ್ಲದ ಇನ್ನೊಬ್ಬರು ಕ್ರಮಬದ್ಧವಾಗಿ ಓದಿ ದೋಷ ಹುಡುಕುವ ಪದ್ಧತಿಯನ್ನು ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿಯೇ ಪ್ರಕಟಿಸಿದ್ದರು. ಇಂದು ಸಾಫ್ಟ್‌ವೇರ್ ಕೆಲಸದಲ್ಲಿ ಅದು ದಿನನಿತ್ಯದ ಸಂಗತಿ. ಓದುವುದು ಕೋಡನ್ನು, ಬರೆದವರನ್ನಲ್ಲ. ವೃತ್ತಿಯಲ್ಲಿರುವ ನಮಗೆ ಚೆನ್ನಾಗಿ ಗೊತ್ತಿರುವ ಈ ಮಾತು, ಎದುರಿಗಿರುವವರು ಹದಿನೈದು ವರ್ಷದವರಾದಾಗ ಏಕೋ ಮರೆತುಹೋಗುತ್ತದೆ. ಹನ್ನೊಂದು ಪುಟಗಳಲ್ಲಿಯೂ ಕೊಂಡಿಗಳ ಪಟ್ಟಿಯನ್ನು ನಕಲು ಮಾಡಿ ಅಂಟಿಸಿದ್ದ ಹುಡುಗನಿಗೆ ‘ಇದು ತಪ್ಪು’ ಎನ್ನುವ ಬದಲು, ‘ಇನ್ನೊಂದು ಪುಟ ಸೇರಿಸಬೇಕಾದರೆ ನೀನು ಎಷ್ಟು ಕಡೆ ತಿದ್ದಬೇಕಾಗುತ್ತದೆ?’ ಎಂದು ಕೇಳಿದೆ. ಅವನು ಬೆರಳು ಮಡಿಸಿ ಎಣಿಸಿದ. ಎಣಿಸುತ್ತಿರುವಾಗಲೇ ಎಂಟನೆಯ ಪುಟದಲ್ಲಿ ಹಳೆಯ ಪಟ್ಟಿಯೇ ಉಳಿದಿರುವುದು ಅವನ ಕಣ್ಣಿಗೆ ಬಿತ್ತು. ಪಟ್ಟಿಯನ್ನು ಒಂದೇ ಕಡೆ ಬರೆದು ಎಲ್ಲ ಪುಟಗಳಿಗೂ ಕೂಡಿಸುವುದು ಹೇಗೆಂದು ಆಮೇಲೆ ಅವನೇ ಕೇಳಿದ.

ಪ್ರಶ್ನೆ ಕೇಳುತ್ತ ಕೂರದೆ ನೇರವಾಗಿ, ತಕ್ಷಣವೇ ಹೇಳಬೇಕಾದ ಸಂಗತಿಗಳೂ ಇವೆ. ಸಂಪರ್ಕ ನಮೂನೆ ಕೆಲಸ ಮಾಡಲೆಂದು ಇಮೇಲ್ ಸೇವೆಯೊಂದರ ರಹಸ್ಯ ಕೀಲಿಯನ್ನು, ಅಂದರೆ ಪಾಸ್‌ವರ್ಡಿನಂಥ ಗುಟ್ಟಿನ ಸಂಕೇತವನ್ನು, ಈ ಮಕ್ಕಳು ಜಾವಾಸ್ಕ್ರಿಪ್ಟ್ ಫೈಲಿನಲ್ಲಿಯೇ ಬರೆದಿಟ್ಟಿದ್ದರು. ಬ್ರೌಸರಿಗೆ ಹೋದ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಹೇಳಿದ ಕೂಡಲೇ ಆ ಸಾಲನ್ನು ಅಳಿಸಿದರು. ಆದರೆ ಅವರ ಕೋಡ್, ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶದಲ್ಲಿತ್ತು, ಗಿಟ್ ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಕೊಳ್ಳುತ್ತದೆ. ಅಳಿಸಿದರೆ ಸಾಲದು, ಆ ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆದು ಅದನ್ನು ಸರ್ವರಿನ ಕಡೆ ಇಡಬೇಕು ಎಂಬುದನ್ನು ಪಕ್ಕದಲ್ಲಿ ಕುಳಿತು ಮಾಡಿಸಿದೆ. ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಳವಳಕ್ಕೀಡುಮಾಡಿತು. ‘ನಮ್ಮ ತಂಡ’ ಎಂಬ ಪುಟದಲ್ಲಿ ಪ್ರತಿ ಮಗುವಿನ ಪೂರ್ಣ ಹೆಸರು, ತರಗತಿ, ಭಾವಚಿತ್ರ, ಇಮೇಲ್ ವಿಳಾಸಗಳೆಲ್ಲ ಇದ್ದವು. ಮೊಬೈಲಿನ ಚಿತ್ರಗಳಲ್ಲಿ ತೆಗೆದ ಸ್ಥಳದ ವಿವರವೂ ಅಡಗಿರಬಹುದು. ಅದುವರೆಗೆ ಆ ಪುಟವನ್ನು ನೋಡಿ ‘ಚೆನ್ನಾಗಿದೆ’ ಎಂದಿದ್ದ ಯಾವ ಹಿರಿಯರೂ ಇದರ ಬಗ್ಗೆ ಎಚ್ಚರಿಸಿರಲಿಲ್ಲ. ಪೋಷಕರ ಒಪ್ಪಿಗೆ ಪಡೆದು, ಮೊದಲ ಹೆಸರನ್ನಷ್ಟೇ ಉಳಿಸಿಕೊಂಡು, ತಂಡದ ಒಂದೇ ಇಮೇಲ್ ವಿಳಾಸ ಕೊಟ್ಟರೆ ಸಾಕಾಗುತ್ತದೆ.

ನೆರವಾಗಲು ಹೊರಟು ಕೆಲಸ ಕೆಡಿಸುವುದೂ ಉಂಟೆಂಬುದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ನಾನು ಬಲ್ಲ ಇನ್ನೊಂದು ತಂಡಕ್ಕೆ ಒಳ್ಳೆಯ ಮನಸ್ಸಿನ ವೃತ್ತಿನಿರತರೊಬ್ಬರು ಅಭಿಪ್ರಾಯ ಹೇಳುವ ಬದಲು ಇಡೀ ಜಾಲತಾಣವನ್ನು ತಾವೇ ಹೊಸದಾಗಿ ಬರೆದುಕೊಟ್ಟರು. ನೋಡಲು ಅದು ಬಹಳ ಸೊಗಸಾಗಿತ್ತು. ಮುಂದಿನ ವರ್ಷ ಸ್ಪರ್ಧೆಯ ದಿನಾಂಕವೊಂದನ್ನು ಬದಲಾಯಿಸಲು ತಂಡದಲ್ಲಿ ಯಾರಿಗೂ ಬರಲಿಲ್ಲ. ಶಾಲೆ ಮುಗಿಸಿ ಹೋಗಿದ್ದ ನಾಯಕಿಯ ಚಿತ್ರವೇ ಮೊದಲ ಪುಟದಲ್ಲಿ ಉಳಿಯಿತು. ಅದಕ್ಕೂ ಮೊದಲು ತನ್ನ ಕೈಯಾರೆ ಜಾಲತಾಣ ಕಟ್ಟಿದ್ದ ಹುಡುಗ ಆ ಹೊತ್ತಿಗೆ ತಂಡವನ್ನೇ ಬಿಟ್ಟಿದ್ದ. ವಿದ್ಯಾರ್ಥಿಗಳ ಜಾಲತಾಣ ವಿದ್ಯಾರ್ಥಿಗಳ ಕೈಯಲ್ಲಿಯೇ ಇರಬೇಕು. ಹಿರಿಯರ ಕೈ ಕೀಲಿಮಣೆಯ ಮೇಲೆ ಬರಬಾರದು.

1989ರಲ್ಲಿ ಡೀನ್ ಕೇಮನ್ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆ 1992ರಿಂದ ವಿದ್ಯಾರ್ಥಿಗಳ ರೋಬೊ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ಪಟ್ಟು ಬಿಡದೆ ಪೈಪೋಟಿ ನಡೆಸುತ್ತಲೇ ಎದುರಾಳಿಯನ್ನು ಗೌರವಿಸಬೇಕು, ಅಗತ್ಯ ಬಿದ್ದರೆ ಅವರಿಗೆ ನೆರವಾಗಬೇಕು ಎಂಬ ಮನೋಭಾವವನ್ನು ಅಲ್ಲಿ ಬೇರೂರಿಸಿದವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ವುಡಿ ಫ್ಲವರ್ಸ್. ಸ್ಪರ್ಧೆಯ ದಿನ ಎದುರಾಳಿ ತಂಡಕ್ಕೆ ಮೋಟಾರನ್ನೋ ಸ್ಪ್ಯಾನರನ್ನೋ ಎರವಲು ಕೊಡುವ ಮಕ್ಕಳು, ಒಬ್ಬರ ಜಾಲತಾಣವನ್ನು ಇನ್ನೊಬ್ಬರು ತೆರೆದು ನೋಡಿ ಅಭಿಪ್ರಾಯ ಕೊಟ್ಟುಕೊಳ್ಳುವುದನ್ನೂ ಅದೇ ಸಹಜತೆಯಿಂದ ಮಾಡಬಲ್ಲರು. ಮಾರ್ಗದರ್ಶಕ ಶಿಕ್ಷಕರು ಅದಕ್ಕೊಂದು ದಿನ ಗೊತ್ತುಮಾಡಿದರೆ ಸಾಕು. ಆ ದಿನ ಸ್ಪರ್ಧೆಗೆ ಇನ್ನೂ ಕೆಲವು ವಾರಗಳಿರುವಾಗಲೇ ಬರಬೇಕು, ಹಿಂದಿನ ರಾತ್ರಿ ಸಿಕ್ಕ ಸಲಹೆ ಎಷ್ಟೇ ಒಳ್ಳೆಯದಾದರೂ ಮಕ್ಕಳ ನಿದ್ದೆ ಕೆಡಿಸುವುದಕ್ಕಷ್ಟೇ ಆಗುತ್ತದೆ. ಕೇಳುವ ಮಕ್ಕಳೂ ‘ಹೇಗಿದೆ’ ಎಂದು ಕೇಳದೆ, ‘ಪ್ರಾಯೋಜಕರಿಗೆ ಬೇಕಾದ ವಿವರ ಈ ಪುಟದಲ್ಲಿ ಸಿಗುತ್ತದೆಯೇ’, ‘ಈ ಫೈಲಿನ ಕೊನೆಯ ಐವತ್ತು ಸಾಲುಗಳನ್ನು ಓದಿ ಹೇಳುತ್ತೀರಾ’ ಎಂದು ಗುರಿಯಿಟ್ಟು ಕೇಳಿದರೆ ಉತ್ತರವೂ ಅಷ್ಟೇ ಖಚಿತವಾಗಿ ಬರುತ್ತದೆ.

ನಿಮ್ಮ ಓದುಗರಲ್ಲಿ ಸಾಫ್ಟ್‌ವೇರ್ ಹಾಗೂ ವಿನ್ಯಾಸ ಕ್ಷೇತ್ರದವರು ಅನೇಕರಿದ್ದಾರೆ. ತಮಗೆ ಗೊತ್ತಿರುವ ವಿದ್ಯಾರ್ಥಿ ತಂಡವೊಂದರ ಜಾಲತಾಣವನ್ನು ಈ ವಾರ ತಮ್ಮ ಮೊಬೈಲಿನಲ್ಲಿ ತೆರೆದು, ಎಲ್ಲ ಪುಟಗಳನ್ನೂ ನೋಡಿ, ಎಲ್ಲಿ ತಡವರಿಸಿದೆವು ಎಂಬುದನ್ನು ಪುಟದ ಹೆಸರು ಹಾಗೂ ಸಾಲಿನ ಸಂಖ್ಯೆಯ ಸಮೇತ ಬರೆದು ಕಳಿಸಬೇಕೆಂದು ಅವರನ್ನು ಕೋರುತ್ತೇನೆ. ಯಾವುದು ನಿಜಕ್ಕೂ ಇಷ್ಟವಾಯಿತೋ ಅದನ್ನೂ ಅದರ ಕಾರಣವನ್ನೂ ಜೊತೆಗೇ ಬರೆಯಲಿ. ಏನನ್ನು ಉಳಿಸಿಕೊಳ್ಳಬೇಕು ಎಂಬುದೂ ಆ ಮಕ್ಕಳಿಗೆ ತಿಳಿಯಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್