ಮೊದಲು ಗಾಜು ನೋಡು

ಪ್ರೀತಿಯ ಗೆಳೆಯ,

ಶನಿವಾರ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಸಂತೆಗೆ ಹೋಗಿ ಹಳೇ ಬೆಳ್ಳಿಯ ಸಾಸಿವೆ ಬಟ್ಟಲೊಂದನ್ನು ಕೊಳ್ಳುತ್ತೇನೆಂದು ಬರೆದಿದ್ದೀಯ. ಓದಿ ತುಂಬ ಖುಷಿಯಾಯಿತು. ಒಂದು ಮಾತು ನೆನಪಿಟ್ಟುಕೋ: ಅಲ್ಲಿ ಎಲ್ಲರ ಕಣ್ಣೂ ಬೆಳ್ಳಿಯ ಮೇಲಿರುತ್ತದೆ. ನೀನು ಮೊದಲು ಬಟ್ಟಲಿನೊಳಗೆ ಕೂರಿಸಿದ ಗಾಜು ನೋಡು.

ಬೆಳ್ಳಿಯದು ಅಷ್ಟು ಕಷ್ಟವಿಲ್ಲ, ಅದರ ಜಾತಕ ಅದರ ಮೈಮೇಲೇ ಇರುತ್ತದೆ. ನಡೆಯುವ ಸಿಂಹದ ಮುದ್ರೆಯಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಪರೀಕ್ಷೆ ಮಾಡಿದ ಊರಿಗೂ ಒಂದೊಂದು ಗುರುತು: ಚಿರತೆಯ ತಲೆ ಲಂಡನ್ನಿನದು, ಲಂಗರು ನಮ್ಮ ಬರ್ಮಿಂಗ್‌ಹ್ಯಾಮಿನದು. ಸಮುದ್ರದಿಂದ ಇಷ್ಟು ದೂರದ ಊರಿಗೆ ಲಂಗರು! ಇಲ್ಲಿನ ಕಾರ್ಖಾನೆದಾರ ಮ್ಯಾಥ್ಯೂ ಬೌಲ್ಟನ್ ಹಟ ಹಿಡಿದು ಹೋರಾಡಿ 1773ರಲ್ಲಿ ಇಲ್ಲಿಗೆ ಬೆಳ್ಳಿ ಪರೀಕ್ಷೆಯ ಕಚೇರಿ ತಂದ. ಷೆಫೀಲ್ಡಿನವರಿಗೂ ಅದೇ ವರ್ಷ ಸಿಕ್ಕಿತು. ದೊರೆಯ ಅಥವಾ ರಾಣಿಯ ತಲೆಯೂ ಒತ್ತಿದ್ದರೆ ಅದು ಸಾಮಾನ್ಯವಾಗಿ ಸುಂಕ ಕಟ್ಟಿದ ಗುರುತು, 1784ರಿಂದ 1890ರೊಳಗಿನ ಮಾಲು. ಇ.ಪಿ.ಎನ್.ಎಸ್. ಅಂತಿದ್ದರೆ ನಿಕ್ಕಲ್ ಮಿಶ್ರಲೋಹದ ಮೇಲೆ ಬರೀ ಬೆಳ್ಳಿಯ ಲೇಪ.

ಗಾಜಿಗೆ ಇಂಥ ಮುದ್ರೆಯಿಲ್ಲ. ಅದಕ್ಕೇ ಅಲ್ಲಿ ಕಣ್ಣು ಬೇಕು.

ಬೆಳ್ಳಿಯ ಒಳಗೆ ಗಾಜು ಬಂದದ್ದು ಚಂದಕ್ಕಲ್ಲ. ಒದ್ದೆ ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ. ಕಪ್ಪು ಚುಕ್ಕೆ ಎದ್ದು, ಕೊನೆಗೆ ಗುಳಿ ಬೀಳುತ್ತದೆ. ನಮ್ಮ ಅಜ್ಜಿಯರು ಉಪ್ಪನ್ನು ಪಿಂಗಾಣಿ ಭರಣಿಯಲ್ಲಿ ಇಡುತ್ತಿದ್ದರಲ್ಲ, ಇಂಗ್ಲೆಂಡಿನವರು ಉಪ್ಪಿನ ಬೆಳ್ಳಿ ಬಟ್ಟಲಿನ ಒಳಮೈಗೆ ಚಿನ್ನದ ನೀರು ಕೊಟ್ಟರು, ಇಲ್ಲವೇ ಗಾಜು ಕೂರಿಸಿದರು. ಸಾಸಿವೆಯನ್ನು ಮೊದಲು ಪುಡಿಯಾಗಿಯೇ ಮೇಜಿಗೆ ತರುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಅದನ್ನು ಕಲಸಿ ಬಡಿಸುವುದು ಹೆಚ್ಚಾದಂತೆ ಮುಚ್ಚಳವಿರುವ ಬಟ್ಟಲು ಬಂತು, ಬೆಳ್ಳಿ ಕೆಡದಿರಲೆಂದು ಅದರೊಳಗೂ ಕೋಬಾಲ್ಟ್ ಬೆರೆಸಿದ ಕಡುನೀಲಿ ಗಾಜು. ಆಮೇಲೆ ಅಕ್ಕಸಾಲಿಗಳು ಮಾಡಿದ ಕೆಲಸ ನೋಡು: ಬೆಳ್ಳಿಯ ಗೋಡೆಯನ್ನೇ ಜಾಲರಿಯಂತೆ ಕೊರೆದು, ಆ ನೀಲಿ ಹೊರಗಿಣುಕುವಂತೆ ಮಾಡಿದರು. ಗಂಡ ತೀರಿಹೋದ ಮೇಲೆ 1761ರಲ್ಲಿ ತನ್ನದೇ ಮುದ್ರೆ ನೋಂದಾಯಿಸಿ ಲಂಡನ್ನಿನಲ್ಲಿ ಕಾರ್ಖಾನೆ ನಡೆಸಿದ ಹೆಸ್ಟರ್ ಬೇಟ್‌ಮನ್ನಳ ಕಾಲದ ಜಾಲರಿ ಕೆಲಸ ಕಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನೀಲಿಯಿಲ್ಲದೆ ಆ ಜಾಲರಿಗೆ ಅರ್ಥವೇ ಇಲ್ಲ.

ಹಾಗಾಗಿ ಗಾಜನ್ನು ಹೊರತೆಗೆದು ನೋಡಲು ಕೇಳು, ನಾಚಿಕೆ ಬೇಡ. ಊದಿ ಮಾಡಿದ ಗಾಜಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ತಳದಲ್ಲಿ ಎಷ್ಟೋ ಸಲ ನಕ್ಷತ್ರದಂತೆ ಕೊರೆದಿರುತ್ತಾರೆ; ಕೆಲಸದ ಕೊನೆಯಲ್ಲಿ ಗಾಜನ್ನು ತಳದಿಂದ ಹಿಡಿದಿದ್ದ ಕಬ್ಬಿಣದ ಸರಳನ್ನು ಬಿಡಿಸಿದಾಗ ಉಳಿಯುವ ಗಾಯ ಅಲ್ಲಿ ಮರೆಯಾಗುತ್ತದೆ. ನಕ್ಷತ್ರವೊಂದೇ ಸಾಕ್ಷಿಯಲ್ಲ, ಹೊಸದರಲ್ಲೂ ಕೊರೆಯಬಹುದು. ತಳದ ಅಂಚಿನಲ್ಲಿ ಬಳಕೆಯ ಸಣ್ಣ ಗೀರುಗಳಿವೆಯೇ, ಗಾಜು ಬೆಳ್ಳಿಯೊಳಗೆ ಲಡಲಡ ಅನ್ನದೆ ಕೂರುತ್ತದೆಯೇ, ಮುಚ್ಚಳ ಅದಕ್ಕೆ ತಗಲದೆ ಮುಚ್ಚುತ್ತದೆಯೇ, ಎಲ್ಲ ನೋಡು. ಅಂಚು ಸ್ವಲ್ಪ ಚಕ್ಕೆ ಎದ್ದಿದ್ದರೆ ಹಿಂಜರಿಯಬೇಡ. ಹೊಳೆಯುವ ಹೊಸ ಗಾಜಿಗಿಂತ ಆ ಪೆಟ್ಟು ತಿಂದ ಹಳೆಯದೇ ನನಗೆ ಮೇಲು.

ತಂದ ಮೇಲೆ ಬಳಸು, ಖಂಡಿತ ಬಳಸು. ಊಟ ಮುಗಿದ ಕೂಡಲೇ ಗಾಜು ತೆಗೆದು ಕೈಯಲ್ಲೇ ತೊಳೆ, ಬೆಳ್ಳಿಯನ್ನು ಒಣಬಟ್ಟೆಯಲ್ಲಿ ಒರೆಸು. ಡಿಶ್‌ವಾಷರ್ ಹತ್ತಿರಕ್ಕೂ ಒಯ್ಯಬೇಡ.

ದುಡ್ಡು ಕೊಡುವ ಮುಂಚೆ ಗಾಜಿನ ತಳದ್ದೂ ಬೆಳ್ಳಿಯ ಮುದ್ರೆಗಳದ್ದೂ ಫೋಟೊ ಕಳಿಸು. ಶನಿವಾರ ಬೆಳಿಗ್ಗೆ ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ ಗೆಳೆಯ